ಹೊರದೇಶದ ಪದವಿ, ಊರಿನ ಅರ್ಜಿ ನಮೂನೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರದವರಿಗೆ ಇರಾನ್ ಅಪರಿಚಿತ ದೇಶವಲ್ಲ. ಶಿಯಾ ಮುಸ್ಲಿಮರೇ ಬಹುಪಾಲು ಇರುವ ಆ ಊರಿನಿಂದ ಧಾರ್ಮಿಕ ವ್ಯಾಸಂಗಕ್ಕೂ ವೈದ್ಯಕೀಯ ಓದಿಗೂ ಅಲ್ಲಿಗೆ ಹೋಗುವ ರೂಢಿ ಹಿಂದಿನಿಂದಲೂ ಇದೆ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಯುದ್ಧ ಹೊತ್ತಿಕೊಂಡಾಗ ಅಲೀಪುರದ ವಿದ್ಯಾರ್ಥಿಗಳು ಅಲ್ಲಿ ಸಿಲುಕಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಬಂತು. ಕೇಂದ್ರ ಸರ್ಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಭಾರತೀಯರನ್ನು ಕರೆತಂದಿತು. ಮಕ್ಕಳು ಜೀವಸಹಿತ ಮನೆ ಸೇರಿದರೆಂಬ ನೆಮ್ಮದಿಯ ಬೆನ್ನಿಗೇ ಹೆತ್ತವರನ್ನು ಕಾಡುವ ಪ್ರಶ್ನೆ ಬೇರೆ: ಅಲ್ಲಿ ಇಷ್ಟು ವರ್ಷ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ?

ಯುದ್ಧದ ಮಾತನ್ನು ಬದಿಗಿಟ್ಟರೂ ಈ ಪ್ರಶ್ನೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ದಿನೇ ದಿನೇ ಹೆಚ್ಚು ಮನೆಗಳನ್ನು ತಟ್ಟುತ್ತಿದೆ. ತುಮಕೂರಿನಲ್ಲಿ ಬಿ.ಇ. ಮುಗಿಸಿ ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ಊರಿಗೆ ಮರಳಿ ಪಿಎಚ್.ಡಿ. ಮಾಡಬೇಕೆಂದುಕೊಳ್ಳುತ್ತಾಳೆ. ಅಮೆರಿಕದಲ್ಲಿ ಹತ್ತು ವರ್ಷ ದುಡಿದ ದಂಪತಿ ವಯಸ್ಸಾದ ತಂದೆ–ತಾಯಿಗಾಗಿ ಚಿಂತಾಮಣಿಗೆ ಮರಳುತ್ತಾರೆ. ಜೊತೆಯಲ್ಲಿ ಒಂಬತ್ತನೇ ತರಗತಿಯ ಮಗ. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಮೊಬೈಲ್ ಆ್ಯಪ್ ಮೂಲಕ ಯುರೋಪಿನ ಯಾವುದೋ ಸಂಸ್ಥೆಯ ಎಂ.ಬಿ.ಎ.ಗೆ ಕಂತು ಕಟ್ಟುವವರಿದ್ದಾರೆ. ಇವರೆಲ್ಲರ ಬಾಯಲ್ಲೂ ಬರುವುದು ‘ಮಾನ್ಯತೆ’ ಎಂಬ ಒಂದೇ ಮಾತು. ಆದರೆ ಪ್ರತಿಯೊಬ್ಬರೂ ಹೋಗಬೇಕಾದ ಕಚೇರಿ ಬೇರೆ, ಅನ್ವಯಿಸುವ ಕಾನೂನು ಬೇರೆ, ಸಿಗುವ ಉತ್ತರವೂ ಬೇರೆ.

ಮಾನ್ಯತೆ ಎಂದರೆ ಹಿಂದಿರುಗಿದ ಮೇಲೆ ಮಾಡಿಸಿಕೊಳ್ಳುವ ಒಂದು ಕಾಗದಪತ್ರದ ಕೆಲಸ ಎಂಬ ಭಾವನೆ ಸಾಮಾನ್ಯವಾಗಿದೆ. ನಿಯಮಗಳನ್ನು ಓದುತ್ತಾ ಹೋದರೆ ತಿಳಿಯುವುದು ಬೇರೆಯೇ: ಮುಕ್ಕಾಲು ಪಾಲು ತೀರ್ಮಾನ ಶುಲ್ಕ ಕಟ್ಟಿದ ದಿನವೇ ಆಗಿಹೋಗಿರುತ್ತದೆ. ಎಲ್ಲಿ ಓದಿದಿರಿ, ಎಷ್ಟು ತಿಂಗಳು ಓದಿದಿರಿ, ತರಗತಿಯಲ್ಲಿ ಕುಳಿತು ಓದಿದಿರೋ ಪರದೆಯ ಮುಂದೆ ಓದಿದಿರೋ, ಯಾವ ಭಾಷೆಯಲ್ಲಿ ಓದಿದಿರಿ ಎಂಬುದನ್ನು ಆಮೇಲೆ ಯಾವ ಅರ್ಜಿಯೂ ತಿದ್ದಲಾರದು. ಉಳಿದ ಕಾಲು ಪಾಲು ನಮ್ಮ ವಿಶ್ವವಿದ್ಯಾಲಯಗಳ ಮತ್ತು ನೇಮಕಾತಿ ಕಚೇರಿಗಳ ಅರ್ಜಿ ನಮೂನೆಗಳಲ್ಲಿ ಸಿಕ್ಕಿಬೀಳುತ್ತದೆ. ಮೊದಲನೆಯದಕ್ಕೆ ವಿದ್ಯಾರ್ಥಿಗೆ ಸಕಾಲದಲ್ಲಿ ತಿಳಿವಳಿಕೆ ಸಿಗಬೇಕು. ಎರಡನೆಯದನ್ನು ನಾವು ಇಲ್ಲಿಯೇ, ತುಮಕೂರು ವಿಶ್ವವಿದ್ಯಾಲಯವಿರುವ ಬಿ.ಎಚ್. ರಸ್ತೆಯಲ್ಲಿ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿರುವ ಟಮಕದಲ್ಲಿ, ಸರಿಪಡಿಸಿಕೊಳ್ಳಬಹುದು.

ಮೊದಲು ದೆಹಲಿಯ ನಿಯಮ. ಬಹುಕಾಲ ಈ ಕೆಲಸ ಮಾಡುತ್ತಿದ್ದುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಎಲ್ಲರೂ ಎಐಯು ಎಂದು ಕರೆಯುವ ಸಂಸ್ಥೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿ, 1973ರಲ್ಲಿ ಈಗಿನ ಹೆಸರು ಪಡೆಯಿತು. ವಿದೇಶಿ ಪದವಿಯನ್ನು ಪರಿಶೀಲಿಸಿ, ಅದು ಭಾರತದ ಇಂಥ ಪದವಿಗೆ ತತ್ಸಮಾನ ಎಂದು ಅದು ಪ್ರಮಾಣಪತ್ರ ಕೊಡುತ್ತಿತ್ತು. ಆ ಪ್ರಮಾಣಪತ್ರವಿದ್ದರೆ ಕೇಂದ್ರ ಸರ್ಕಾರದ ಹುದ್ದೆಗಳಿಗೂ ಪದವಿ ನಡೆಯುತ್ತಿತ್ತು. ಆದರೆ ಎಐಯು ಕಾನೂನಿನಿಂದ ರಚನೆಯಾದ ನಿಯಂತ್ರಣ ಸಂಸ್ಥೆಯಲ್ಲ, ವಿಶ್ವವಿದ್ಯಾಲಯಗಳೇ ಸದಸ್ಯರಾಗಿರುವ ಒಂದು ಸಂಘ. 2025ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ವಿದೇಶಿ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಹತೆಗೆ ಮಾನ್ಯತೆ ಹಾಗೂ ತತ್ಸಮಾನತೆ ನೀಡುವ ಬಗ್ಗೆ ತನ್ನದೇ ನಿಯಮಾವಳಿ ಹೊರಡಿಸಿತು. ಅರ್ಜಿ ಆನ್‌ಲೈನ್ ಪೋರ್ಟಲ್‌ನಲ್ಲಿ. ತಜ್ಞರ ಸ್ಥಾಯಿ ಸಮಿತಿ 10 ಕೆಲಸದ ದಿನಗಳಲ್ಲಿ ಶಿಫಾರಸು ಮಾಡಬೇಕು, ಆಯೋಗ 15 ಕೆಲಸದ ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಅರ್ಜಿ ತಿರಸ್ಕೃತವಾದರೆ ಮರುಪರಿಶೀಲನೆ ಕೇಳುವ ಅವಕಾಶವೂ ಇದೆ.

ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಗಡುವು ಬರಹದಲ್ಲಿ ಇರುವುದೇ ದೊಡ್ಡ ಸಂಗತಿ. ಬಾಗೇಪಲ್ಲಿಯ ಹುಡುಗ ದೆಹಲಿಯ ಕಚೇರಿಗೆ ಫೋನ್ ಮಾಡುತ್ತಾ ಕೂರಬೇಕಿಲ್ಲ. ಸಮಿತಿ ನೋಡುವ ಅಂಶಗಳೂ ಸ್ಪಷ್ಟವಾಗಿವೆ. ಪದವಿ ಕೊಟ್ಟ ಸಂಸ್ಥೆಗೆ ಅದರ ಸ್ವಂತ ದೇಶದಲ್ಲಿ ಮಾನ್ಯತೆ ಇರಬೇಕು. ಆ ಕೋರ್ಸ್‌ಗೆ ಸೇರಲು ಬೇಕಾದ ಅರ್ಹತೆ ನಮ್ಮಲ್ಲಿನ ಅಂಥದ್ದೇ ಕೋರ್ಸ್‌ಗೆ ಹೋಲುವಂತಿರಬೇಕು. ಶಾಲಾ ಹಂತದ ಪ್ರಮಾಣಪತ್ರವಾದರೆ ಕನಿಷ್ಠ 12 ವರ್ಷಗಳ ಕ್ರಮಬದ್ಧ ಶಾಲಾ ಓದು ಇರಬೇಕು. ಫ್ರಾಂಚೈಸಿ ಒಪ್ಪಂದದ ಮೇಲೆ, ಅಂದರೆ ವಿದೇಶಿ ವಿಶ್ವವಿದ್ಯಾಲಯದ ಹೆಸರನ್ನು ಇನ್ನಾರೋ ಬಳಸಿಕೊಂಡು ನಡೆಸುವ ಕೋರ್ಸ್‌ಗೆ, ಮಾನ್ಯತೆ ಇಲ್ಲ. ವಿದೇಶಿ ವಿಶ್ವವಿದ್ಯಾಲಯವೊಂದು ಮೂರನೆಯ ದೇಶದಲ್ಲಿ ತೆರೆದ ಕ್ಯಾಂಪಸ್‌ನಲ್ಲಿ ಓದಿದ್ದರೆ ಎರಡೂ ದೇಶಗಳ ನಿಯಮಕ್ಕೆ ಆ ಕೋರ್ಸ್ ಒಪ್ಪಿಗೆಯಾಗಿರಬೇಕು. ಯುಜಿಸಿಯ 2022ರ ನಿಯಮದಂತೆ ಭಾರತೀಯ ವಿಶ್ವವಿದ್ಯಾಲಯ ಮತ್ತು ವಿದೇಶಿ ವಿಶ್ವವಿದ್ಯಾಲಯ ಸೇರಿ ಕೊಡುವ ಜಂಟಿ ಪದವಿಗೆ ಪ್ರತ್ಯೇಕ ತತ್ಸಮಾನ ಪ್ರಮಾಣಪತ್ರ ಬೇಕಿಲ್ಲ.

ದೇಶ–ದೇಶಗಳ ನಡುವಿನ ಒಪ್ಪಂದಗಳೂ ಕೆಲವು ಹಳೆಯ ತಕರಾರುಗಳನ್ನು ಇತ್ಯರ್ಥಪಡಿಸಿವೆ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿ ನಮ್ಮ ಎರಡು ವರ್ಷದ ಪದವಿಗೆ ಸಮವೇ ಎಂಬುದು ಬಹಳ ಕಾಲದಿಂದ ಜಗಳದ ವಿಷಯವಾಗಿತ್ತು. 2022ರ ಜುಲೈ 21ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಒಪ್ಪಂದ ಅದನ್ನು ಮಾನ್ಯ ಮಾಡಿತು. ಫ್ರಾನ್ಸ್ ಜೊತೆ 2018ರಲ್ಲಿ, ಆಸ್ಟ್ರೇಲಿಯಾ ಜೊತೆ 2023ರಲ್ಲಿ ಪರಸ್ಪರ ಮಾನ್ಯತೆಯ ವ್ಯವಸ್ಥೆಗಳಾಗಿವೆ. ಆದರೆ ಬ್ರಿಟನ್ ಒಪ್ಪಂದದಿಂದ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು, ವಾಸ್ತುಶಿಲ್ಪ ಹೊರಗುಳಿದಿವೆ. ಲಂಡನ್ನಿನ ಪದವಿ ಇನ್ನು ಮುಂದೆ ನಡೆಯುತ್ತದೆ ಎಂಬ ಅರ್ಧ ಸುದ್ದಿ ಏಜೆಂಟರ ಬಾಯಲ್ಲಿ ಪೂರ್ತಿ ಸುದ್ದಿಯಾಗುವುದು ಇಲ್ಲಿಯೇ.

ಇನ್ನೊಂದು ಮಾತನ್ನು ಹೇಳಿಬಿಡಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲೋ ವಸಂತನರಸಾಪುರದ ಕಾರ್ಖಾನೆಯಲ್ಲೋ ಕೆಲಸ ಹುಡುಕುವವರಿಗೆ ಸಾಮಾನ್ಯವಾಗಿ ಈ ಪ್ರಮಾಣಪತ್ರದ ಅಗತ್ಯವೇ ಬರುವುದಿಲ್ಲ. ಖಾಸಗಿ ಉದ್ಯೋಗದಾತರು ತಮಗೆ ಬೇಕಾದಂತೆ ಅಳೆದುಕೊಳ್ಳುತ್ತಾರೆ. ಮುಂದೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುವವರು, ಕಾಲೇಜಿನಲ್ಲಿ ಪಾಠ ಹೇಳಬಯಸುವವರು, ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು ಮಾತ್ರ ಇದರ ಹಿಂದೆ ಹೋಗಬೇಕು. ಹಾಗಿದ್ದರೂ ಹಿಂದಿರುಗಿದ ಹೊಸತರಲ್ಲೇ ಮಾಡಿಸಿಡುವುದು ಜಾಣತನ. ಹತ್ತು ವರ್ಷ ಕಳೆದ ಮೇಲೆ ಆ ದೇಶದ ವಿಶ್ವವಿದ್ಯಾಲಯದಿಂದ ಪಠ್ಯಕ್ರಮದ ಪ್ರತಿ ತರಿಸುವುದು ಸುಲಭವಲ್ಲ.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ, ಯಾರೂ ಅಷ್ಟಾಗಿ ಮಾತಾಡದ ಭಾಗ. ಯುಜಿಸಿ ಪ್ರಮಾಣಪತ್ರ ‘ಈ ಪದವಿ ಆ ಪದವಿಗೆ ಸಮ’ ಎನ್ನುತ್ತದೆ. ನಮ್ಮ ಅರ್ಜಿ ನಮೂನೆಗಳು ಕೇಳುವುದು ‘ಶೇಕಡಾ ಎಷ್ಟು?’ ಎಂದು. ಈ ಎರಡರ ನಡುವಿನ ಕಂದಕದಲ್ಲಿ ಒಳ್ಳೆಯ ವಿದ್ಯಾರ್ಥಿಗಳು ಬೀಳುತ್ತಾರೆ.

ಆ ತುಮಕೂರಿನ ಹುಡುಗಿಯ ಜರ್ಮನ್ ಅಂಕಪಟ್ಟಿಯನ್ನೇ ಮುಂದಿಟ್ಟುಕೊಳ್ಳೋಣ. ಅದರಲ್ಲಿ ಒಟ್ಟಾರೆ ಶ್ರೇಣಿ 1.7 ಎಂದಿದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಕೊನೆಯ ಗೆರೆ. ಸಂಖ್ಯೆ ಇಳಿದಷ್ಟೂ ಶ್ರೇಣಿ ಏರುತ್ತದೆ. ನಮ್ಮಲ್ಲಿ ಎಲ್ಲ ಅಳತೆಗಳೂ ಏರುಮುಖ. ಅರ್ಜಿಯಲ್ಲಿ ‘ಪಡೆದ ಅಂಕ’, ‘ಗರಿಷ್ಠ ಅಂಕ’, ‘ಶೇಕಡಾವಾರು’ ಎಂದು ಮೂರು ಅಂಕಣಗಳಿವೆ. ಪಡೆದ ಅಂಕ 1.7, ಗರಿಷ್ಠ ಅಂಕ 4 ಎಂದು ತುಂಬಿದರೆ ಶೇಕಡಾ 42.5 ಬರುತ್ತದೆ. ಸ್ನಾತಕೋತ್ತರದಲ್ಲಿ ಶೇಕಡಾ 55 ಕೇಳುವ ಕಡೆ ಅವಳು ಅಲ್ಲಿಗೇ ಅನರ್ಹಳು. ಜರ್ಮನ್ ವಿಶ್ವವಿದ್ಯಾಲಯಗಳು ಹೊರದೇಶದ ಅಂಕಗಳನ್ನು ತಮ್ಮ ಶ್ರೇಣಿಗೆ ಪರಿವರ್ತಿಸಲು ಬವೇರಿಯನ್ ಸೂತ್ರವನ್ನು ಬಳಸುತ್ತವೆ. ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆದು, ಗರಿಷ್ಠ ಮತ್ತು ತೇರ್ಗಡೆ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಅದೇ ಸೂತ್ರವನ್ನು ತಿರುವಿ ಹಾಕಿ, ನಮ್ಮ ತೇರ್ಗಡೆ ಗೆರೆ 40 ಎಂದಿಟ್ಟುಕೊಂಡರೆ, 1.7 ಎಂದರೆ ಶೇಕಡಾ 86. ತೇರ್ಗಡೆ ಗೆರೆ 50 ಎಂದಿಟ್ಟರೆ 88ಕ್ಕೂ ತುಸು ಮೇಲೆ. ಒಂದೇ ಅಂಕಪಟ್ಟಿ, ಒಂದೇ ಹುಡುಗಿ. ಒಂದು ಓದಿನಲ್ಲಿ ತರಗತಿಯ ಮೇಲಿನ ಸಾಲಿನವಳು, ಇನ್ನೊಂದರಲ್ಲಿ ಅರ್ಜಿ ಹಾಕಲೂ ಯೋಗ್ಯತೆ ಇಲ್ಲದವಳು.

ಬ್ರಿಟನ್ನಿನ ತೊಡಕು ಇನ್ನೂ ಸೂಕ್ಷ್ಮ. ಅಲ್ಲಿಯೂ ನೂರಕ್ಕೆ ಇಷ್ಟು ಎಂದೇ ಅಂಕ ಕೊಡುವುದರಿಂದ ಪರಿವರ್ತನೆ ಬೇಕಿಲ್ಲ ಎನಿಸುತ್ತದೆ. ಆದರೆ ಅಲ್ಲಿ ಸ್ನಾತಕೋತ್ತರ ಹಂತದಲ್ಲಿ ಸಾಮಾನ್ಯವಾಗಿ 50ಕ್ಕೆ ತೇರ್ಗಡೆ, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. 70 ದಾಟುವುದು ಅಲ್ಲಿ ದೊಡ್ಡ ಸಾಧನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ 70 ಅಂಕ ಸರ್ವೇಸಾಮಾನ್ಯ. ಅಲ್ಲಿ 54 ಅಂಕ ಪಡೆದು ಉತ್ತೀರ್ಣನಾದ ಸಾಮಾನ್ಯ ವರ್ಗದ ಅಭ್ಯರ್ಥಿ ಇಲ್ಲಿ ಕಾಲೇಜು ಬೋಧಕರ ಅರ್ಹತೆಗೆ ನಡೆಯುವ ಎನ್‌ಇಟಿ ಪರೀಕ್ಷೆಗೂ ಕೆ–ಸೆಟ್‌ಗೂ ಬೇಕಾದ ಶೇಕಡಾ 55ರ ಗೆರೆಗೆ ಒಂದು ಅಂಕ ಕಡಿಮೆಯಾಗಿ ನಿಲ್ಲುತ್ತಾನೆ. ಒಪ್ಪಂದದ ಪ್ರಕಾರ ಅವನ ಪದವಿ ಮಾನ್ಯ, ಅಂಕದ ಪ್ರಕಾರ ಅವನಿಗೆ ಬಾಗಿಲಿಲ್ಲ. ಇದರಲ್ಲಿ ಗುಮಾಸ್ತನ ತಪ್ಪೇನಿಲ್ಲ. ಅವನ ಮುಂದಿರುವ ನಿಯಮದಲ್ಲಿ 55 ಎಂದಿದೆ, ಕಾಗದದಲ್ಲಿ 54 ಎಂದಿದೆ. ಪರಿವರ್ತನೆಯ ಕೋಷ್ಟಕವನ್ನು ವಿಶ್ವವಿದ್ಯಾಲಯ ಅವನ ಕೈಗೆ ಕೊಟ್ಟಿರದಿದ್ದರೆ ಅವನು ಮಾಡುವುದಾದರೂ ಏನು?

ಈ ಕೋಷ್ಟಕ ಮಾಡಲು ಯಾವ ಕಾನೂನು ತಿದ್ದುಪಡಿಯೂ ಬೇಕಿಲ್ಲ. ಹೆಚ್ಚು ವಿದ್ಯಾರ್ಥಿಗಳು ಹೋಗುವ ಹತ್ತು ದೇಶಗಳ ಶ್ರೇಣಿ ಪದ್ಧತಿಯನ್ನು ಅಧ್ಯಯನ ಮಂಡಳಿಯ ಮುಂದಿಟ್ಟು, ವಿದ್ಯಾವಿಷಯಕ ಪರಿಷತ್ತಿನಲ್ಲಿ ಒಪ್ಪಿಸಿ, ವೆಬ್‌ಸೈಟಿನಲ್ಲಿ ಹಾಕಿದರೆ ಮುಗಿಯಿತು. 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯವಾಗಲಿ, 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿ ಕೋಲಾರದ ಟಮಕದಲ್ಲಿ ನೆಲೆಗೊಳಿಸಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಾಗಲಿ, ಎರಡೂ ಹೊಸ ತಲೆಮಾರಿನ ವಿಶ್ವವಿದ್ಯಾಲಯಗಳು. ಹಳೆಯ ಕಡತಗಳ ಭಾರ ಅವಕ್ಕೆ ಕಡಿಮೆ. ರಾಜ್ಯದಲ್ಲಿ ಈ ಕೆಲಸವನ್ನು ಮೊದಲು ಮಾಡಿ ತೋರಿಸುವ ಅವಕಾಶ ಅವುಗಳಿಗಿದೆ ಎಂದು ನಾನು ನಂಬುತ್ತೇನೆ.

ಅರ್ಜಿ ನಮೂನೆಯ ಇನ್ನೊಂದು ಕಾಟ ವಲಸೆ ಪ್ರಮಾಣಪತ್ರ. ನಮ್ಮಲ್ಲಿ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರು ಅದನ್ನು ತರಲೇಬೇಕು. ಜರ್ಮನಿ, ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅಂಥ ಪ್ರಮಾಣಪತ್ರ ಕೊಡುವ ಪದ್ಧತಿಯೇ ಇಲ್ಲ. ಇಲ್ಲದ ಕಾಗದವನ್ನು ತರುವಂತೆ ವಿದ್ಯಾರ್ಥಿಯನ್ನು ಅಲೆಸುವ ಬದಲು, ವಿದೇಶಿ ಪದವೀಧರರಿಂದ ಒಂದು ಸ್ವಯಂ ಘೋಷಣೆ ಪಡೆದರೆ ಸಾಕೆಂದು ಕುಲಸಚಿವರು ಸುತ್ತೋಲೆ ಹೊರಡಿಸಬಹುದು.

ಕಾಗದಗಳ ಅಸಲಿತನದ ವಿಷಯದಲ್ಲಿ ಮಾತ್ರ ಕಚೇರಿಗಳ ಕಟ್ಟುನಿಟ್ಟು ನ್ಯಾಯವಾದದ್ದು. ನಕಲಿ ಪದವಿಗಳ ಹಾವಳಿ ಎಲ್ಲರಿಗೂ ಗೊತ್ತು. ಇಲ್ಲಿ ಬಹಳಷ್ಟು ಮಂದಿ ಎಡವುವ ಒಂದು ಜಾಗವಿದೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ನಂಬಲು ಬೇಕಾದ ಅಪೋಸ್ಟಿಲ್ ಮುದ್ರೆಯನ್ನು ಆ ದಾಖಲೆ ಕೊಟ್ಟ ದೇಶದಲ್ಲೇ ಹಾಕಿಸಬೇಕು. ಬ್ರಿಟನ್ನಿನ ಪದವಿಗೆ ಬೆಂಗಳೂರಿನಲ್ಲಿ ಅಪೋಸ್ಟಿಲ್ ಸಿಗುವುದಿಲ್ಲ, ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಈ ಮುದ್ರೆಗೆ ಆಧಾರವಾದ ಹೇಗ್ ಒಡಂಬಡಿಕೆಗೆ ಭಾರತ ಸೇರಿದ್ದು 2005ರಲ್ಲಿ. ಫಿಲಿಪ್ಪೀನ್ಸ್ 2019ರಲ್ಲಿ, ಕೆನಡಾ 2024ರಲ್ಲಿ. ಇರಾನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಅದರಲ್ಲಿಲ್ಲ. ಹಾಗಾಗಿ ಅಲ್ಲಿಯ ಕಾಗದಗಳಿಗೆ ಆ ದೇಶದ ವಿದೇಶಾಂಗ ಇಲಾಖೆ ಮತ್ತು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣದ ದಾರಿ ಹಿಡಿಯಬೇಕಾಗುತ್ತದೆ. ದಾಖಲೆ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದವೂ ಬೇಕು. ವಾಸದ ಮನೆ ಖಾಲಿ ಮಾಡಿ ಊರಿಗೆ ಹೊರಡುವ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಊರಿಗೆ ಬಂದ ಮೇಲೆ ನೆನಪಾದರೆ, ಅಲ್ಲಿ ಉಳಿದಿರುವ ಗೆಳೆಯರ ಕೈಕಾಲು ಹಿಡಿಯುವುದೇ ಗತಿ.

ವೈದ್ಯಕೀಯಕ್ಕೆ ಬಂದರೆ ಲೋಕವೇ ಬೇರೆ. ಯುಜಿಸಿಯ 2025ರ ನಿಯಮ ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು, ವಾಸ್ತುಶಿಲ್ಪದಂಥ ವೃತ್ತಿ ಪದವಿಗಳನ್ನು ಮುಟ್ಟುವುದೇ ಇಲ್ಲ. ಅವು ಆಯಾ ಪರಿಷತ್ತಿನ ಅಧೀನ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಮಧ್ಯಮ ವರ್ಗದ ಮನೆಗಳಿಂದ ಮಕ್ಕಳು ಕಿರ್ಗಿಸ್ತಾನ, ಜಾರ್ಜಿಯಾ, ರಷ್ಯಾ, ಫಿಲಿಪ್ಪೀನ್ಸ್‌ಗೆ ಹೋಗುವ ಕಾರಣ ಗುಟ್ಟೇನಲ್ಲ. ಟಮಕದಲ್ಲೂ ತುಮಕೂರಿನ ಅಗಳಕೋಟೆಯಲ್ಲೂ ವೈದ್ಯಕೀಯ ಕಾಲೇಜುಗಳಿವೆ, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕಾಲೇಜೂ ಬಂದಿದೆ. ಆದರೆ ಸರ್ಕಾರಿ ಸೀಟಿಗೆ ಬೇಕಾದ ರ್‍ಯಾಂಕ್ ಕೆಲವರಿಗಷ್ಟೇ ಸಿಗುತ್ತದೆ, ಖಾಸಗಿ ಸೀಟಿನ ಶುಲ್ಕ ಜಮೀನು ಮಾರಿದರೂ ಹೊಂದುವುದಿಲ್ಲ.

ಅಂಥವರು ನೆನಪಿಡಬೇಕಾದ ಕಾನೂನು ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ವಿದೇಶಿ ವೈದ್ಯಕೀಯ ಪದವೀಧರರ ನಿಯಮಾವಳಿ. ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಬೋಧನೆ ಇಂಗ್ಲಿಷಿನಲ್ಲಿ. ಆ ದೇಶದಲ್ಲಿ ವೈದ್ಯವೃತ್ತಿ ಮಾಡಲು ಅಲ್ಲಿಯ ಪ್ರಜೆಗಳಿಗೆ ಸಿಗುವಂಥದ್ದೇ ನೋಂದಣಿ ಈ ವಿದ್ಯಾರ್ಥಿಗೂ ಸಿಗುವಂತಿರಬೇಕು. ಭಾರತಕ್ಕೆ ಬಂದ ಮೇಲೆ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿದಿರಬೇಕು. ಹೊರಡುವ ಮೊದಲೇ ನೀಟ್ ಅರ್ಹತೆ ಪಡೆದಿರುವುದು 2018ರಿಂದ ಕಡ್ಡಾಯ. ಇದೆಲ್ಲ ಸರಿಯಾಗಿದ್ದರೂ ವಿದೇಶಿ ವೈದ್ಯಕೀಯ ಪದವೀಧರರಿಗಾಗಿ ವರ್ಷಕ್ಕೆ ಎರಡು ಬಾರಿ ನಡೆಯುವ ಎಫ್‌ಎಂಜಿಇ ಪರೀಕ್ಷೆ ಕಾದಿರುತ್ತದೆ. 300 ಪ್ರಶ್ನೆಗಳು, ತೇರ್ಗಡೆಗೆ 150 ಸರಿಯುತ್ತರ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಬಹುತೇಕ ಸರದಿಗಳಲ್ಲಿ ಬರೆದವರ ಪೈಕಿ ಮೂರನೆಯ ಒಂದು ಭಾಗವೂ ತೇರ್ಗಡೆಯಾಗುವುದಿಲ್ಲ.

ಈ ಷರತ್ತುಗಳನ್ನು ಒಂದೊಂದಾಗಿ ನೋಡಿ. 54 ತಿಂಗಳು, ಅದೇ ಸಂಸ್ಥೆ, ಇಂಗ್ಲಿಷ್ ಬೋಧನೆ, ಸ್ಥಳೀಯ ನೋಂದಣಿ, ನೀಟ್. ಯಾವುದನ್ನೂ ವಿದ್ಯಾರ್ಥಿ ಹಿಂದಿರುಗಿ ಬಂದ ಮೇಲೆ ಸರಿಪಡಿಸಲು ಆಗದು. ಫಿಲಿಪ್ಪೀನ್ಸ್‌ಗೆ ಹೋದ ಅನೇಕರಿಗೆ ಆದದ್ದು ಇದೇ. ಅಲ್ಲಿ ಎಂ.ಡಿ. ಕೋರ್ಸ್‌ಗೆ ಮೊದಲು ಬಿ.ಎಸ್. ಎಂಬ ಪೂರ್ವಭಾವಿ ಪದವಿ ಇದೆ. ಆ ಅವಧಿಯನ್ನು 54 ತಿಂಗಳಲ್ಲಿ ಸೇರಿಸಲು ಆಯೋಗ ಒಪ್ಪಲಿಲ್ಲ. ಒಟ್ಟು ಎಷ್ಟು ವರ್ಷ ಅಲ್ಲಿದ್ದೆವು ಎಂಬ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಯಲ್ಲಿ ಕಳೆದ ತಿಂಗಳುಗಳ ಕತೆಯೂ ಹೆಚ್ಚುಕಡಿಮೆ ಹೀಗೆಯೇ ಆಯಿತು: ಆ ಓದನ್ನು ತರಗತಿಯಲ್ಲಿ ಸರಿದೂಗಿಸಿದ ದಾಖಲೆ ಇಲ್ಲದವರು ಹೆಚ್ಚಿನ ಇಂಟರ್ನ್‌ಶಿಪ್ ಮಾಡಬೇಕಾಯಿತು.

ಅರ್ಧ ಓದಿ ಬಂದವರ ಪಾಡು ಎಲ್ಲಕ್ಕಿಂತ ಕಠಿಣ. ವಿದೇಶಿ ವೈದ್ಯಕೀಯ ಕಾಲೇಜಿನಿಂದ ಭಾರತದ ಕಾಲೇಜಿಗೆ ವರ್ಗಾವಣೆಯಾಗಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು 2022ರಲ್ಲಿ ಉಕ್ರೇನ್‌ನಿಂದ ಬಂದವರ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಸ್ಪಷ್ಟವಾಗಿ ಹೇಳಿತು. ಕೊನೆಗೆ ಬೇರೆ ದೇಶದ ಕಾಲೇಜಿಗೆ ಹೋಗಿ ಮುಗಿಸಲು ಅವರಿಗೆ ಅನುಮತಿ ಸಿಕ್ಕಿತು. ಕೊನೆಯ ಹಂತದಲ್ಲಿದ್ದವರಿಗೆ 2023ರಲ್ಲಿ ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಗಳನ್ನು ಇಲ್ಲಿ ಬರೆಯಲು ಒಂದು ಬಾರಿಯ ವಿಶೇಷ ಅವಕಾಶ ಕೊಡಲಾಯಿತು. ಎರಡೂ ಒಂದು ಯುದ್ಧಕ್ಕೆ, ಒಂದು ತಂಡಕ್ಕೆ ಮಾಡಿದ ವಿನಾಯಿತಿಗಳು. ಇರಾನ್‌ನಿಂದ ಬಂದ ಅಲೀಪುರದ ಮಕ್ಕಳಿಗೆ ಅವು ತಾವಾಗಿಯೇ ಅನ್ವಯಿಸುವುದಿಲ್ಲ. ಯುದ್ಧವೋ ಭೂಕಂಪವೋ ಬಂದಾಗಲೆಲ್ಲ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕು ಎಂಬ ಸ್ಥಿತಿ ಅನ್ಯಾಯದ್ದು. ಉಕ್ರೇನ್ ಆದ ಮೇಲಾದರೂ ಶಾಶ್ವತ ನಿಯಮವೊಂದು ಬರಬೇಕಿತ್ತು: ಇಂಥ ಸಂದರ್ಭದಲ್ಲಿ ಯಾವ ದೇಶದ ಯಾವ ಕಾಲೇಜಿಗೆ ಹೋಗಿ ಮುಗಿಸಬಹುದು, ಎಷ್ಟು ಅವಧಿ ಲೆಕ್ಕಕ್ಕೆ ಬರುತ್ತದೆ, ಎಷ್ಟು ದಿನದಲ್ಲಿ ಅರ್ಜಿ ಹಾಕಬೇಕು ಎಂದು ಮೊದಲೇ ಬರೆದಿಟ್ಟಿರಬೇಕು.

ವಿದೇಶದಲ್ಲಿ ಓದಿದ ಕಾನೂನು ಪದವೀಧರರು ಭಾರತೀಯ ವಕೀಲರ ಪರಿಷತ್ತಿನ ಅರ್ಹತಾ ಪರೀಕ್ಷೆ ಬರೆಯಬೇಕು. ದಂತವೈದ್ಯರಿಗೂ ಪ್ರತ್ಯೇಕ ಪರೀಕ್ಷೆಯಿದೆ. ಕಾಲೇಜಿನಲ್ಲಿ ಪಾಠ ಹೇಳಬಯಸುವವರಿಗೆ ಮಾತ್ರ ಒಂದು ಒಳ್ಳೆಯ ಸುದ್ದಿ ಇದೆ. ಕ್ಯೂಎಸ್, ಟೈಮ್ಸ್ ಅಥವಾ ಶಾಂಘೈ ಎಂಬ ಜಾಗತಿಕ ಶ್ರೇಯಾಂಕ ಪಟ್ಟಿಗಳಲ್ಲಿ ಯಾವಾಗಲಾದರೂ ಮೊದಲ 500ರೊಳಗೆ ಬಂದ ವಿದೇಶಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದವರು ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಅವರಿಗೆ ಎನ್‌ಇಟಿ ಬೇಕಿಲ್ಲ.

ಶಾಲೆಯ ವಿಷಯದಲ್ಲಿ ಚಿಕ್ಕ ಮಕ್ಕಳ ತಂದೆ–ತಾಯಿ ಅಂಜಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆನ್ನುತ್ತದೆ. ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕೊಲ್ಲಿ ದೇಶಗಳ ಸಿಬಿಎಸ್‌ಇ ಶಾಲೆಗಳಿಂದ ಬಂದವರಿಗೂ ತೊಂದರೆಯಿಲ್ಲ, ಮಂಡಳಿ ನಮ್ಮದೇ. ಕಷ್ಟ ಶುರುವಾಗುವುದು ಒಂಬತ್ತರಿಂದ ಹನ್ನೆರಡರ ನಡುವೆ ಬಂದಿಳಿಯುವವರಿಗೆ. ರಾಜ್ಯ ಪಠ್ಯಕ್ರಮದ ಶಾಲೆಗೆ ಸೇರಿದರೆ ಎಸ್‌ಎಸ್‌ಎಲ್‌ಸಿಯಲ್ಲಿ ಭಾಷೆಗಳ ಭಾರ ಒಮ್ಮೆಲೇ ತಲೆಯ ಮೇಲೆ ಬೀಳುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೂ ಬರೆಯಲು ಬರುವುದಿಲ್ಲ. ಇದನ್ನು ಶಾಲೆಗಳು ಮಗುವಿನ ಕೊರತೆಯಂತೆ ಕಾಣದೆ, ಒಂದು ವರ್ಷ ವಿಶೇಷ ಪಾಠ ಮಾಡಿ ತುಂಬಿಕೊಡಬೇಕು.

ಹೊರದೇಶದಲ್ಲೇ ಹನ್ನೆರಡನೇ ತರಗತಿ ಮುಗಿಸಿ ಬಂದವರಿಗೆ ಪಂಚಾಂಗವೇ ಎದುರಾಳಿ. ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಫಲಿತಾಂಶ ಜುಲೈ ಮೊದಲ ವಾರ ಬರುತ್ತದೆ, ಕೇಂಬ್ರಿಡ್ಜ್ ಎ–ಲೆವೆಲ್‌ನ ಜೂನ್ ಸರದಿಯ ಫಲಿತಾಂಶ ಆಗಸ್ಟ್ ಮಧ್ಯದಲ್ಲಿ. ಅಷ್ಟು ಹೊತ್ತಿಗೆ ನಮ್ಮ ಪದವಿ ಕಾಲೇಜುಗಳಲ್ಲಿ ಪಾಠ ಆರಂಭವಾಗಿರುವುದುಂಟು. ತತ್ಸಮಾನ ಪ್ರಮಾಣಪತ್ರಕ್ಕೆ ಮತ್ತೆ 15 ಕೆಲಸದ ದಿನ ಕೂಡಿಸಿ ನೋಡಿ. ತಾತ್ಕಾಲಿಕ ಪ್ರವೇಶ ಕೊಟ್ಟು, ಪ್ರಮಾಣಪತ್ರ ಒಪ್ಪಿಸಲು ಮೊದಲ ಸೆಮಿಸ್ಟರಿನ ಕೊನೆಯವರೆಗೆ ಕಾಲಾವಕಾಶ ಕೊಡುವುದು ನ್ಯಾಯ.

ಸಿಇಟಿಯ ಮಾತು ಬೇರೆ. ಸರ್ಕಾರಿ ಕೋಟಾದ ಸೀಟಿಗೆ ಮುಖ್ಯ ಷರತ್ತು, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದು. ವಿದೇಶದಲ್ಲಿ ಬೆಳೆದ ಮಗುವಿಗೆ ಇದು ಹೊಂದುವುದಿಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ ಇನ್ನೊಂದು ದಾರಿಯಿದೆ, ಆದರೆ ಅದಕ್ಕೆ ಮಗು ಪಿಯುಸಿಯ ಎರಡೂ ವರ್ಷಗಳನ್ನು ಇಲ್ಲಿಯೇ ಓದಿ ತೇರ್ಗಡೆಯಾಗಿರಬೇಕು. ಆದ್ದರಿಂದ ಹಿಂದಿರುಗುವ ಯೋಚನೆಯಿರುವ ಕುಟುಂಬ ಮಗು ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ತೀರ್ಮಾನಕ್ಕೆ ಬರುವುದು ಒಳ್ಳೆಯದು. ಒಂದು ವರ್ಷ ತಡವಾದರೆ ಆ ದಾರಿ ಮುಚ್ಚುತ್ತದೆ. ತಂದೆ–ತಾಯಿಯ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನೂ ಬಿಇಒ ಸಹಿ ಮಾಡಿಸಿ ಮೊದಲೇ ಪಡೆದಿಟ್ಟುಕೊಳ್ಳಬೇಕು.

ನರಸಾಪುರದ ಆ ನೌಕರನ ಆ್ಯಪ್ ಎಂ.ಬಿ.ಎ. ಬಗ್ಗೆ ನಾನು ನೇರವಾಗಿ ಹೇಳುತ್ತೇನೆ: ಸರ್ಕಾರಿ ಹುದ್ದೆಗೋ ಮುಂದಿನ ಓದಿಗೋ ಬೇಕೆಂದು ಅದಕ್ಕೆ ದುಡ್ಡು ಕಟ್ಟಬೇಡಿ. ಆಯೋಗದ ಮಾನ್ಯತೆ ಇಲ್ಲದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕಂಪನಿಗಳು ಕೊಡುವ ಆನ್‌ಲೈನ್ ಪದವಿಗಳು ನಡೆಯುವುದಿಲ್ಲ ಎಂದು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಅದಕ್ಕೂ ಮುಂಚೆ, 2022ರ ಅಕ್ಟೋಬರ್‌ನಲ್ಲಿ, ಇಂಥ ಆನ್‌ಲೈನ್ ಪಿಎಚ್.ಡಿ.ಗಳ ಬಗ್ಗೆಯೂ ಎಚ್ಚರಿಕೆ ಕೊಟ್ಟಿತ್ತು. ಹಗಲೆಲ್ಲ ದುಡಿದು ರಾತ್ರಿ ಓದುವವರ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವ ಈ ವ್ಯಾಪಾರ ನನಗೆ ಸಿಟ್ಟು ತರಿಸುತ್ತದೆ. ಅದೇ ಶ್ರಮಕ್ಕೆ, ಯುಜಿಸಿ ಅನುಮತಿ ಪಡೆದ ನಮ್ಮದೇ ವಿಶ್ವವಿದ್ಯಾಲಯಗಳ ದೂರಶಿಕ್ಷಣ ಕೋರ್ಸ್‌ಗಳಲ್ಲಿ ಮಾನ್ಯ ಪದವಿ ಸಿಗುತ್ತದೆ.

ಹೊರಡುವ ಮೊದಲು ತಿಳಿದಿರಬೇಕು ಎಂದರೆ ತಿಳಿಸುವವರು ಯಾರು? ಈಗ ಆ ಕೆಲಸ ಮಾಡುತ್ತಿರುವುದು ಏಜೆಂಟರು. ಸೀಟು ಮಾರಿದರೆ ಅವರಿಗೆ ಕಮಿಷನ್, ಮಾನ್ಯತೆ ಸಿಗದಿದ್ದರೆ ಅವರಿಗೇನೂ ನಷ್ಟವಿಲ್ಲ. ಸರ್ಕಾರ ಹೊಸ ಕಚೇರಿ ತೆರೆಯಬೇಕಿಲ್ಲ. ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಂತೆ ಸರ್ಕಾರವೇ ಹಣ ಕೊಟ್ಟು ಮಕ್ಕಳನ್ನು ವಿದೇಶಕ್ಕೆ ಕಳಿಸುವ ಕಾರ್ಯಕ್ರಮಗಳಿವೆ. ಬ್ಯಾಂಕುಗಳು ಶಿಕ್ಷಣ ಸಾಲ ಕೊಡುತ್ತವೆ. ಸಾಲ ಮಂಜೂರಾಗುವ ಮುನ್ನ ಆದಾಯ ಪ್ರಮಾಣಪತ್ರ, ಜಾಮೀನು, ಪಹಣಿ ಎಲ್ಲವನ್ನೂ ಕೇಳುವ ಬ್ಯಾಂಕು, ಈ ಕೋರ್ಸ್‌ಗೆ ಭಾರತದಲ್ಲಿ ಯಾವ ಸಂಸ್ಥೆ ಮಾನ್ಯತೆ ಕೊಡುತ್ತದೆ, ಅದರ ಷರತ್ತುಗಳೇನು ಎಂಬ ಒಂದು ಪುಟವನ್ನು ವಿದ್ಯಾರ್ಥಿಗೆ ಓದಿಸಿ ಸಹಿ ಪಡೆಯಲಿ. ಜಮೀನು ಅಡವಿಡುವ ತಂದೆಗೆ ಆ ಪುಟ ಕನ್ನಡದಲ್ಲಿ ಸಿಗಬೇಕು.

ಯುಜಿಸಿಯಿಂದಲೂ ಒಂದು ಕೆಲಸ ಆಗಬೇಕಿದೆ. ಯಾವ ದೇಶದ, ಯಾವ ವಿಶ್ವವಿದ್ಯಾಲಯದ, ಯಾವ ಪದವಿಗೆ ತತ್ಸಮಾನತೆ ಕೊಟ್ಟೆವು, ಯಾವುದನ್ನು ಏಕೆ ನಿರಾಕರಿಸಿದೆವು ಎಂಬುದನ್ನು ಅರ್ಜಿದಾರರ ಹೆಸರು ಬಿಟ್ಟು ಎಲ್ಲರೂ ಹುಡುಕಿ ನೋಡುವಂತೆ ಕಾರಣಸಹಿತ ಪ್ರಕಟಿಸುತ್ತಾ ಹೋದರೆ, ಮುಂದಿನ ವರ್ಷ ಅದೇ ಕೋರ್ಸ್‌ಗೆ ಹೊರಟ ಶಿರಾದ ಹುಡುಗಿ ಶುಲ್ಕ ಕಟ್ಟುವ ಮೊದಲೇ ಅದನ್ನು ಓದಬಹುದು. ಟಮಕದ ಅಥವಾ ಬಿ.ಎಚ್. ರಸ್ತೆಯ ಗುಮಾಸ್ತನಿಗೂ ಅರ್ಜಿ ಕೈಗೆ ಬಂದಾಗ ನೋಡಲು ಒಂದು ಆಧಾರ ಸಿಗುತ್ತದೆ.